ಅವನು, ಅವಳು, ಅವ್ವ: ಬಯಲುಸೀಮೆಯ ಹಳ್ಳಿಗಳಲ್ಲಿ ಜೋಗಪ್ಪಂದಿರ ದಿನಚರಿ ಮತ್ತು ಭಾಷೆ

1

ಕನ್ನಡದಲ್ಲಿ 'ನಾನು ಬಂದೆ' ಎಂದು ಹೇಳಿದವರು ಗಂಡೋ ಹೆಣ್ಣೋ ಎಂಬುದು ಆ ವಾಕ್ಯದಿಂದ ತಿಳಿಯುವುದಿಲ್ಲ. 'ನೀನು ಬಂದೆ' ಎಂಬುದರಿಂದಲೂ ತಿಳಿಯುವುದಿಲ್ಲ. ಹಿಂದಿಯಲ್ಲಿ ಹಾಗಲ್ಲ, ಅಲ್ಲಿ ಒಬ್ಬರು ತಮ್ಮ ಬಗ್ಗೆ ಹೇಳಿಕೊಳ್ಳುವಾಗಲೇ ಕ್ರಿಯಾಪದವು ಅವರ ಲಿಂಗವನ್ನು ಪ್ರಕಟಿಸಿಬಿಡುತ್ತದೆ. ಕನ್ನಡದಲ್ಲಿ ಲಿಂಗವು ಎದುರಾಗುವುದು ಪ್ರಥಮ ಪುರುಷದಲ್ಲಿ, ಅಂದರೆ ಎದುರಿಗಿಲ್ಲದ ಮೂರನೆಯವರ ಬಗ್ಗೆ ಮಾತು ಬಂದಾಗ. 'ಬಂದನು', 'ಬಂದಳು', 'ಬಂದಿತು' ಎಂಬ ಮೂರರಲ್ಲಿ ಒಂದನ್ನು ಆಗ ಆರಿಸಿಕೊಳ್ಳಲೇಬೇಕು. ಹೀಗಾಗಿ ಒಬ್ಬ ವ್ಯಕ್ತಿ ಹೆಣ್ಣೋ ಗಂಡೋ ಎಂಬ ತೀರ್ಮಾನವು ಆ ವ್ಯಕ್ತಿಯ ನಾಲಿಗೆಯ ಮೇಲಿಲ್ಲ, ಊರಿನ ನಾಲಿಗೆಯ ಮೇಲಿದೆ. ವ್ಯಾಕರಣದ ಈ ಸಣ್ಣ ಸಂಗತಿಯು ಉತ್ತರ ಕರ್ನಾಟಕದ ಒಳನಾಡಿನ ಹಳ್ಳಿಗಳಲ್ಲಿ ಬದುಕುವ ಜೋಗಪ್ಪಂದಿರ ಪಾಲಿಗೆ ದಿನನಿತ್ಯದ ಸಮಸ್ಯೆಯಾಗಿದೆ.

ಲೈಂಗಿಕ ಹಾಗೂ ಲಿಂಗತ್ವ ಅಲ್ಪಸಂಖ್ಯಾತರ ಬಗೆಗಿನ ಚರ್ಚೆ ಕನ್ನಡದಲ್ಲಿ ಬಹುಮಟ್ಟಿಗೆ ನಗರಕೇಂದ್ರಿತವಾಗಿ ಬೆಳೆದಿದೆ. ಅದಕ್ಕೆ ಕಾರಣಗಳೂ ಇವೆ. ಸಂಘಟನೆಗಳು ಹುಟ್ಟಿದ್ದು ನಗರದಲ್ಲಿ. ಪಿಯುಸಿಎಲ್ ಕರ್ನಾಟಕ ಘಟಕವು 2001ರಲ್ಲಿ ಪ್ರಕಟಿಸಿದ ವರದಿಯಂಥ ಮೊದಲ ದಾಖಲೆಗಳ ನೆಲೆಯೂ ಬೆಂಗಳೂರೇ. ಇದರಿಂದಾಗಿ, ನಗರದಲ್ಲಿ ಅನನ್ಯತೆ ಇದೆ, ಹಳ್ಳಿಯಲ್ಲಿ ಮೌನ ಮಾತ್ರ ಇದೆ ಎಂಬ ಗ್ರಹಿಕೆಯೊಂದು ತಾನಾಗಿ ಬೇರೂರಿತು. ಇದಕ್ಕೆ ತದ್ವಿರುದ್ಧವಾದ ಇನ್ನೊಂದು ಗ್ರಹಿಕೆಯು ಜಾನಪದ ಅಧ್ಯಯನದ ಕಡೆಯಿಂದ ಬಂದಿದೆ: ನಮ್ಮ ದೇಸಿ ಪರಂಪರೆಯು ಎಲ್ಲರನ್ನೂ ಒಳಗೊಂಡಿತ್ತು, ಎಲ್ಲಮ್ಮನ ಮಡಿಲಲ್ಲಿ ಗಂಡು ಹೆಣ್ಣೆಂಬ ಭೇದವೇ ಇರಲಿಲ್ಲ ಎಂಬುದು. ಜೋಗಪ್ಪಂದಿರ ಒಂದು ವಾರದ ಬದುಕನ್ನು ಗಮನಿಸಿದರೆ ಈ ಎರಡೂ ಗ್ರಹಿಕೆಗಳು ನಿಲ್ಲುವುದಿಲ್ಲ. ಹಳ್ಳಿಯು ಅವರಿಗೆ ಸ್ಥಾನ ಕೊಟ್ಟಿದೆ, ನಿಜ. ಆದರೆ ಆ ಸ್ಥಾನಕ್ಕೆ ವಾರ, ತಿಥಿಗಳ ಮಿತಿಯಿದೆ. ಅದಕ್ಕೊಂದು ಬೆಲೆಯೂ ಇದೆ.

2

ಮಂಗಳವಾರ ಮತ್ತು ಶುಕ್ರವಾರ ಎಲ್ಲಮ್ಮನ ವಾರಗಳು. ಅಂದು ಜೋಗಪ್ಪ ನಸುಕಿನಲ್ಲಿ ಎದ್ದು ಮಡಿಯಾಗಿ, ಸೀರೆಯುಟ್ಟು, ಕವಡೆಸರ ಹಾಕಿಕೊಂಡು, 'ಜಗ'ವನ್ನು ಸಿಂಗರಿಸುತ್ತಾರೆ. ದೇವಿಯ ಮೂರ್ತಿಯನ್ನಿಟ್ಟ ಬುಟ್ಟಿಯೇ ಜಗ. ಭಂಡಾರ, ಕುಂಕುಮ, ಹೂವು, ಬೇವಿನ ಎಲೆಗಳಿಂದ ಅದನ್ನು ಅಣಿಗೊಳಿಸಿ ತಲೆಯ ಮೇಲೆ ಹೊತ್ತು, ಭಿಕ್ಷೆಯ ಬುಟ್ಟಿಯಾದ 'ಪಡಲಗಿ'ಯನ್ನು ಹಿಡಿದು ಜೋಗಕ್ಕೆ ಹೊರಡುತ್ತಾರೆ. ಕನಿಷ್ಠ ಐದು ಮನೆಗಳ ಜೋಗವಾಗಬೇಕು ಎಂಬುದು ಪದ್ಧತಿ. 'ಉಧೋ' ಎಂಬ ದನಿ ಕೇಳಿದೊಡನೆ ಮನೆಯ ಹೆಣ್ಣುಮಗಳು ಮೊರದಲ್ಲಿ ಜೋಳ ತಂದು ಪಡಲಗಿಗೆ ಹಾಕುತ್ತಾಳೆ, ಹಣೆಗೆ ಭಂಡಾರ ಹಚ್ಚಿಸಿಕೊಳ್ಳುತ್ತಾಳೆ, ತೊಟ್ಟಿಲ ಕೂಸನ್ನು ಎತ್ತಿ ತಂದು ಕಾಲಿಗೆ ಮುಟ್ಟಿಸುತ್ತಾಳೆ. ಆಗಿನ ಸಂಬೋಧನೆ 'ಯವ್ವಾ' ಎಂದೇ. ಆ ಹೊಸ್ತಿಲಲ್ಲಿ ಸರ್ವನಾಮದ ಗೊಂದಲವಿಲ್ಲ. ತಲೆಯ ಮೇಲೆ ಜಗವಿರುವಷ್ಟು ಹೊತ್ತು ಜೋಗಪ್ಪ ಸ್ವತಃ ದೇವಿಯ ರೂಪ; ದೇವಿ ಹೆಣ್ಣು; ಆದ್ದರಿಂದ ಅವರೂ ಅವ್ವ.

ವಾರದ ಈ ಎರಡು ದಿನಗಳ ಮೇಲೆ ವರ್ಷದ ಹುಣ್ಣಿಮೆಗಳ ಚಕ್ರವೊಂದು ನಿಂತಿದೆ. ಬೆಳಗಾವಿ ಜಿಲ್ಲೆಯ ಸವದತ್ತಿಯ ಗುಡ್ಡಕ್ಕೆ ಹೊಸ್ತಿಲ ಹುಣ್ಣಿಮೆ, ಬನದ ಹುಣ್ಣಿಮೆ, ಭಾರತ ಹುಣ್ಣಿಮೆ, ದವನದ ಹುಣ್ಣಿಮೆಗಳಲ್ಲಿ ಜನ ನೆರೆಯುತ್ತಾರೆ. ಕೊಪ್ಪಳ ಜಿಲ್ಲೆಯಲ್ಲಿ ತುಂಗಭದ್ರೆಯ ದಡದ ಹುಲಿಗಿ, ಹರಪನಹಳ್ಳಿ ಸೀಮೆಯ ಉಚ್ಚಂಗಿದುರ್ಗಗಳೂ ಜೋಗಪ್ಪಂದಿರ ಮುಖ್ಯ ಕ್ಷೇತ್ರಗಳು. ಜಮದಗ್ನಿಯ ಮರಣದ ನೆನಪಿನಲ್ಲಿ ಹೊಸ್ತಿಲ ಹುಣ್ಣಿಮೆಯಂದು ದೇವಿ ಬಳೆ ಕಳೆದುಕೊಳ್ಳುತ್ತಾಳೆ. ಭಾರತ ಹುಣ್ಣಿಮೆಗೆ ಮತ್ತೆ ಮುತ್ತೈದೆಯಾಗುತ್ತಾಳೆ. ಮುತ್ತು ಕಟ್ಟಿಸಿಕೊಂಡವರು ಬಳೆ ಒಡೆಯುವುದೂ ಮತ್ತೆ ತೊಡುವುದೂ ಇದೇ ಕ್ರಮದಲ್ಲಿ. ಚದುರಿದ ಹಳ್ಳಿಗಳಲ್ಲಿ ಒಬ್ಬೊಬ್ಬರೇ ಇರುವ ಜೋಗಪ್ಪಂದಿರಿಗೆ ತಮ್ಮಂಥ ಇನ್ನೊಬ್ಬರು ಕಾಣಸಿಗುವುದು ಮುಖ್ಯವಾಗಿ ಈ ಜಾತ್ರೆಗಳಲ್ಲಿ. ಅಲ್ಲಿ ಹಾಡು, ಕುಣಿತದ ಜೊತೆಗೆ ಗುರುತು, ಗೆಳೆತನ, ಹಿರಿಯರ ಬುದ್ಧಿಮಾತುಗಳ ವಿನಿಮಯ ನಡೆಯುತ್ತದೆ. ಹಾಗೆ ನೋಡಿದರೆ ಜಾತ್ರೆಯು ಅವರಿಗೆ ಭಕ್ತಿಯ ಕ್ಷೇತ್ರವಾಗಿರುವಂತೆಯೇ ಒಂಟಿತನವನ್ನು ನೀಗಿಸಿಕೊಳ್ಳುವ ತಾಣವೂ ಆಗಿದೆ. ನಗರದವರು ಇಂದು ಸಮುದಾಯ ಎಂದು ಕರೆಯುವುದು ಈ ಹಳ್ಳಿಗಳವರಿಗೆ ವರ್ಷಕ್ಕೆ ಕೆಲವು ಹುಣ್ಣಿಮೆಗಳಲ್ಲಿ ಮಾತ್ರ ಲಭ್ಯ.

ಇನ್ನು ಬುಧವಾರ. ಜಗವನ್ನು ದೇವರ ಮಾಡದಲ್ಲಿ ಇಳಿಸಿದ ಮೇಲೆ ಉಳಿಯುವುದು ಒಬ್ಬ ಬಡ ಮನುಷ್ಯ. ಜೋಗಪ್ಪಂದಿರಲ್ಲಿ ಬಹುಪಾಲು ಜನ ದಲಿತ ಮತ್ತು ಹಿಂದುಳಿದ ಜಾತಿಗಳ ಭೂಹೀನ ಅಥವಾ ತುಂಡುಭೂಮಿಯ ಕುಟುಂಬಗಳಿಗೆ ಸೇರಿದವರು. ಒಣಬೇಸಾಯದ ಈ ಸೀಮೆಯಲ್ಲಿ ಐದು ಮನೆಯ ಜೋಳದಿಂದ ವಾರ ಕಳೆಯುವುದಿಲ್ಲ, ಕೂಲಿಗೆ ಹೋಗಲೇಬೇಕು. ಹೊಲದ ದುಡಿಮೆಯು ಹೆಣ್ಣಾಳು, ಗಂಡಾಳು ಎಂದು ಎರಡಾಗಿ ಸೀಳಿದೆ. ಕಳೆ ತೆಗೆಯುವುದು, ಹತ್ತಿ ಬಿಡಿಸುವುದು ಹೆಣ್ಣಾಳಿನದು. ರಂಟೆ, ಕುಂಟೆ ಹೊಡೆಯುವುದು ಗಂಡಾಳಿನದು. ಕೂಲಿಯೂ ಬೇರೆ ಬೇರೆ, ಹೆಣ್ಣಾಳಿನ ಕೂಲಿ ಕಡಿಮೆ. ಸೀರೆಯುಟ್ಟವರು ಯಾವ ಸಾಲಿಗೆ ಸೇರಬೇಕು? ಹೆಣ್ಣುಮಕ್ಕಳ ಸಾಲಿನಲ್ಲಿ ಬಗ್ಗಿ ಕಳೆ ಕಿತ್ತರೆ ಹೆಣ್ಣಾಳಿನ ಕೂಲಿ. ಗಂಡಸರ ಕೂಲಿ ಕೇಳಿದರೆ ಗಂಡಸರ ಕೆಲಸ, ಜೊತೆಗೆ ಅವರ ನಗೆಚಾಟಿಕೆ. ಹೆಣ್ಣಾಗಿ ಬದುಕುವುದೆಂದರೆ ಹೆಣ್ಣಿನ ಕೂಲಿಗೆ ಬದುಕುವುದೂ ಹೌದು ಎಂಬ ಈ ಸಂಗತಿಯು ಅನನ್ಯತೆಯ ಸೈದ್ಧಾಂತಿಕ ಚರ್ಚೆಗಳಲ್ಲಿ ಅಪರೂಪಕ್ಕೂ ಕಾಣಿಸುವುದಿಲ್ಲ. ಹೊಲದಲ್ಲಿ ಅದು ಸಂಜೆಯ ಲೆಕ್ಕ.

ನೀರಿಗೆ, ಬಯಲಿಗೆ, ಆಸ್ಪತ್ರೆಯ ಸಾಲಿಗೆ, ಗಿರಣಿಗೆ ಹೋಗುವಾಗಲೂ ಇದೇ ತೊಡಕು. ಊರು ಇಂಥಲ್ಲೆಲ್ಲ ಗಂಡು ಹೆಣ್ಣುಗಳ ದಾರಿಯನ್ನೇ ಬೇರೆ ಮಾಡಿಟ್ಟಿದೆ. ಬಹುಕಾಲ ಒಂದೇ ಊರಿನಲ್ಲಿದ್ದವರಿಗೆ ಇದಕ್ಕೆ ಒಳ ಒಪ್ಪಂದಗಳು ಸಿದ್ಧವಾಗಿರುತ್ತವೆ: ಯಾವ ಹೊತ್ತಿಗೆ ಹೊರಡಬೇಕು, ಯಾರ ಜೊತೆ ಹೋದರೆ ಯಾರೂ ಏನೂ ಅನ್ನುವುದಿಲ್ಲ, ಯಾವ ಕಟ್ಟೆಯ ಮುಂದೆ ಹಾಯಬಾರದು ಎಂಬ ತಿಳಿವಳಿಕೆ. ಕೆಲವರು ವಾರದ ದಿನ ಸೀರೆಯುಟ್ಟು, ಉಳಿದ ದಿನ ಲುಂಗಿ, ಅಂಗಿಯಲ್ಲಿ ದುಡಿಯುವುದೂ ಉಂಟು. ಇದನ್ನು ಇಬ್ಬಂದಿತನವೆಂದು ಕರೆಯುವುದು ಅನ್ಯಾಯ. ದಿನಕ್ಕೆ ಒಂದೆರಡು ಬಸ್ಸು ಮಾತ್ರ ಬರುವ, ಎಲ್ಲರಿಗೂ ಎಲ್ಲರೂ ಗೊತ್ತಿರುವ ಊರಿನಲ್ಲಿ ಮರೆಯಾಗಲು ಬೇರೆ ಬೀದಿ ಇರುವುದಿಲ್ಲ.

3

ಬುಧವಾರದ ಭಾಷೆಯನ್ನು ಇಲ್ಲಿ ಗಮನಿಸಬೇಕು. ಮಂಗಳವಾರ 'ಯವ್ವಾ' ಎಂದ ಅದೇ ಬಾಯಿ ಮರುದಿನ ಕಟ್ಟೆಯ ಮೇಲೆ 'ಅಂವ ಬಂದ' ಎನ್ನಬಹುದು, 'ಅಕಿ ಬಂದ್ಲು' ಎಂದು ಕಣ್ಣು ಮಿಟುಕಿಸಬಹುದು, 'ಅದು ಬಂತು' ಎಂದೂ ಅನ್ನಬಹುದು. ಆಡುಮಾತಿನಲ್ಲಿ ಎಳೆಯ ಮಕ್ಕಳನ್ನೂ ಕೆಲವೊಮ್ಮೆ ಮನೆಯ ಹೆಣ್ಣುಮಕ್ಕಳನ್ನೂ ನಪುಂಸಕದಲ್ಲಿ ಹೇಳುವ ರೂಢಿ ಇದೆ. ಅದರಲ್ಲಿ ಸಲುಗೆಯಿದೆ, ಅಕ್ಕರೆಯಿದೆ. ಜೋಗಪ್ಪನನ್ನು ಕುರಿತ 'ಅದು' ಆ ಬಗೆಯದಲ್ಲ. ಪ್ರತ್ಯಯ ಒಂದೇ ಆದರೂ ದನಿ ಬೇರೆ. ಹಳಗನ್ನಡ ವ್ಯಾಕರಣದ ಓದುಗರಿಗೆ ಇಲ್ಲೊಂದು ವಿಪರ್ಯಾಸ ಹೊಳೆಯದಿರದು. 13ನೆಯ ಶತಮಾನದ ಕೇಶಿರಾಜ ಶಬ್ದಮಣಿದರ್ಪಣದಲ್ಲಿ ಒಂಬತ್ತು ಲಿಂಗಗಳನ್ನು ಹೇಳುತ್ತಾನೆ. ಅವು ಪದಗಳ ವರ್ತನೆಗೆ ಸಂಬಂಧಿಸಿದ ವರ್ಗಗಳೇ ಹೊರತು ಮನುಷ್ಯರವಲ್ಲ. ಕೇಶಿರಾಜನನ್ನು ಲಿಂಗತ್ವ ಅಲ್ಪಸಂಖ್ಯಾತರ ವಕೀಲನನ್ನಾಗಿ ಮಾಡಹೊರಡುವುದು ವೃಥಾ ಉತ್ಸಾಹವಾದೀತು. ಆದರೆ ಅದೇ 'ಒಂಬತ್ತು' ಎಂಬ ಸಂಖ್ಯಾವಾಚಕ ಇಂದು ಬಸ್‌ನಿಲ್ದಾಣಗಳಲ್ಲಿ ಈ ಜನರನ್ನು ಹೀಯಾಳಿಸುವ ಬೈಗುಳವಾಗಿದೆ. ಎರಡಕ್ಕೂ ಐತಿಹಾಸಿಕ ಸಂಬಂಧವೇನೂ ಇಲ್ಲ. ಆದರೂ ವ್ಯಾಕರಣ ಪಾಠ ಮಾಡುವ ಅಧ್ಯಾಪಕರು ತರಗತಿಯ ಹಿಂದಿನ ಬೆಂಚಿನ ನಗೆಯನ್ನು ಬಲ್ಲರು.

ಸಂಬೋಧನೆಯಲ್ಲೂ ಆಯ್ಕೆ ತಪ್ಪಿದ್ದಲ್ಲ. 'ಬಾರೋ' ಎಂದರೆ ಗಂಡು, 'ಬಾರೇ' ಎಂದರೆ ಹೆಣ್ಣು. ಇವೆರಡರ ನಡುವೆ ಉತ್ತರ ಕರ್ನಾಟಕದ ಆಡುಮಾತು ಒಂದು ನೆರಳನ್ನು ಉಳಿಸಿಕೊಂಡಿದೆ; ಅದು 'ಬರ್ರಿ' ಎಂಬ ಗೌರವರೂಪ. ಬರ್ರಿ, ಕುಂದರ್ರಿ, ನೀರು ಕುಡೀರಿ ಎನ್ನುವಾಗ ಲಿಂಗ ಮರೆಗೆ ಸರಿಯುತ್ತದೆ. ಊರಿನ ಎಷ್ಟೋ ಮಂದಿ, ಹೆಚ್ಚಾಗಿ ವಯಸ್ಸಾದ ಹೆಣ್ಣುಮಕ್ಕಳು, ಜೋಗಪ್ಪಂದಿರನ್ನು ವಾರವಿಲ್ಲದ ದಿನಗಳಲ್ಲೂ ಹೀಗೆಯೇ ಮಾತನಾಡಿಸುತ್ತಾರೆ. ಅವರಿಗೆ ಯಾವ ಕಾರ್ಯಾಗಾರವೂ ಇದನ್ನು ಕಲಿಸಿಲ್ಲ. ಈ ಲೇಖನವು ಆರಂಭದಿಂದಲೂ 'ಅವರು' ಎಂಬ ರೂಪವನ್ನು ಆಶ್ರಯಿಸಿರುವುದಕ್ಕೆ ಅವರೇ ಮಾದರಿ.

'ಜೋಗಪ್ಪ' ಎಂಬ ಪದವೇ ಒಂದು ಒಪ್ಪಂದ. ಸೀರೆಯುಟ್ಟು ಬಳೆ ತೊಟ್ಟವರನ್ನು ಊರು 'ಅಪ್ಪ' ಎಂಬ ಪುಲ್ಲಿಂಗದ ಉತ್ತರಪದದಿಂದ ಕರೆಯುತ್ತದೆ. ವೇಷ ಹೆಣ್ಣಿನದು, ಹೆಸರು ಗಂಡಿನದು. ನಿನ್ನ ಹೆಣ್ತನವನ್ನು ನೋಡಿದ್ದೇವೆ, ಆದರೆ ಹುಟ್ಟಿದ್ದನ್ನು ಮರೆತಿಲ್ಲ ಎಂಬ ಎರಡು ಮಾತುಗಳನ್ನೂ ಆ ಒಂದು ಪದ ಹೇಳುತ್ತದೆ. ಈ ಹಿನ್ನೆಲೆಯಲ್ಲಿ, ಪ್ರಸಿದ್ಧ ಕಲಾವಿದೆ ತಮ್ಮ ಹೆಸರನ್ನು ಮಂಜಮ್ಮ ಜೋಗತಿ ಎಂದು ಇಟ್ಟುಕೊಂಡದ್ದು ಗಮನಾರ್ಹ. ಅಲ್ಲಿ ಹೆಸರಿನ ಎರಡೂ ಭಾಗಗಳು ಸ್ತ್ರೀಲಿಂಗದವು. ಊರು ಅರ್ಧ ಕೊಟ್ಟದ್ದನ್ನು ಅವರು ಪೂರ್ತಿ ತೆಗೆದುಕೊಂಡಿದ್ದಾರೆ.

4

ಈ ಸ್ಥಾನಕ್ಕೆ ಒಬ್ಬ ಹುಡುಗ ತಲುಪುವ ದಾರಿ ಯಾವುದು? ಕೇಳಿಬರುವ ಕಥನಗಳಲ್ಲಿ ಒಂದು ಸಮಾನ ವಿನ್ಯಾಸವಿದೆ. ಹುಡುಗ ಅಕ್ಕನ ಲಂಗ ಉಡುತ್ತಾನೆ, ಅಂಗಳ ಸಾರಿಸಿ ರಂಗೋಲಿ ಹಾಕುತ್ತಾನೆ, ಹುಡುಗಿಯರ ಜೊತೆಯೇ ಆಡುತ್ತಾನೆ. ಮೊದಲು ಬೈಗುಳ, ಬಳಿಕ ಏಟು. ಅದೂ ಫಲಿಸದಿದ್ದಾಗ ವೈದ್ಯರು, ದೇವರು ಕೇಳಿಸುವುದು. ಮೈಮೇಲೆ ಹುಣ್ಣು, ಕೂದಲಲ್ಲಿ ಜಡೆ, ಬಿಡದ ಜ್ವರ, ಮೂರ್ಛೆ ಇಂಥ ಯಾವುದಾದರೊಂದು ಲಕ್ಷಣ ಕಾಣಿಸಿಕೊಂಡರೆ ಅದು 'ಎಲ್ಲಮ್ಮನ ಕಾಟ' ಎಂಬ ನಿರ್ಣಯ ಹೊರಬೀಳುತ್ತದೆ. ಮಾನವಶಾಸ್ತ್ರಜ್ಞ ನಿಕೊಲಸ್ ಬ್ರಾಡ್‌ಫರ್ಡ್ ಉತ್ತರ ಕರ್ನಾಟಕದ ಜೋಗಪ್ಪಂದಿರ ಬಗ್ಗೆ 1983ರಲ್ಲಿ ಪ್ರಕಟಿಸಿದ ಲೇಖನದಲ್ಲಿ ಕಾವು, ಕಾಮ, ಕಾಯಿಲೆಗಳ ನಡುವಣ ಈ ನಂಟನ್ನು ಚರ್ಚಿಸಿದ್ದಾರೆ. ಬೆಂಗಳೂರಿನ 'ಅನೇಕ' ಸಂಸ್ಥೆ 2014ರಲ್ಲಿ ಹೊರತಂದ ಅಧ್ಯಯನವೂ ಇದೇ ಅನುಭವವನ್ನು ದಾಖಲಿಸಿದೆ. ಇಲ್ಲಿ ನಡೆಯುವುದು ಹೊಣೆಯ ವರ್ಗಾವಣೆ. 'ನಮ್ಮ ಹುಡುಗ ಕೆಟ್ಟ' ಎಂಬ ವಾಕ್ಯವು 'ದೇವಿ ನಮ್ಮ ಹುಡುಗನನ್ನು ಹಿಡಿದಳು' ಎಂದು ಬದಲಾಗುತ್ತದೆ. ಕರ್ತೃಸ್ಥಾನದಲ್ಲಿ ದೇವಿ ಬಂದು ಕೂತಳೆಂದರೆ ತಂದೆಗೆ ಬೀದಿಯಲ್ಲಿ ತಲೆಯೆತ್ತಿ ನಡೆಯಲು ಸಾಧ್ಯವಾಗುತ್ತದೆ. ತಾಯಿಗೆ ಮಗುವನ್ನು ಮನೆಯಲ್ಲಿ ಉಳಿಸಿಕೊಳ್ಳಲು ಕಾರಣ ಸಿಗುತ್ತದೆ. ಔಷಧಿಯಿಲ್ಲದ, ಕಾನೂನಿಲ್ಲದ ಕಾಲದಲ್ಲಿ ಎಷ್ಟೋ ಜೀವಗಳನ್ನು ಉಳಿಸಿದ್ದು ಈ ಒಂದು ವಾಕ್ಯಪಲ್ಲಟ.

ಪುರಾಣವೂ ಇದಕ್ಕೆ ನೆರವಾಗಿದೆ. ಮಹಾಭಾರತದ ವನಪರ್ವದ ಕಥೆಯಲ್ಲಿ ತಾಯಿ ರೇಣುಕೆಯನ್ನು ಕೊಲ್ಲಲು ಒಪ್ಪದ ಹಿರಿಯ ಮಕ್ಕಳು ತಂದೆಯ ಶಾಪದಿಂದ ಬುದ್ಧಿಗೆಟ್ಟು ಪಶುಪಕ್ಷಿಗಳಂತಾಗುತ್ತಾರೆ. ಎಲ್ಲಮ್ಮನ ಮೌಖಿಕ ಪರಂಪರೆಯಲ್ಲಿ ಆ ಶಾಪ ಬೇರೆಯಾಗಿದೆ. ಅಲ್ಲಿ ಅವರು ಕಳೆದುಕೊಳ್ಳುವುದು ಗಂಡಸ್ತನವನ್ನು. ಜೋಗಪ್ಪಂದಿರು ತಮ್ಮ ವಂಶಾವಳಿಯನ್ನು ಹಿಡಿಯುವುದು ಈ ಮಕ್ಕಳಿಂದ. ವಿದ್ವಾಂಸರ ಗಮನವೆಲ್ಲ ಕೊಡಲಿ ಎತ್ತಿದ ಪರಶುರಾಮನ ಮೇಲೆ, ತುಂಡಾದ ತಲೆಯ ಮೇಲೆ ಹರಿದಿದೆ. ಕೊಡಲಿ ಎತ್ತದವರ ಕಡೆಯಿಂದ ಈ ಕಥೆಯನ್ನು ಓದಿದರೆ ಬೇರೆಯೇ ಅರ್ಥ ಹೊರಡುತ್ತದೆ: ಇಲ್ಲಿ ಗಂಡಸ್ತನವೆಂಬುದು ತಾಯಿಯ ಕೊರಳನ್ನು ಕಡಿಯಬಲ್ಲ ಸಾಮರ್ಥ್ಯ, ಅದನ್ನು ನಿರಾಕರಿಸಿದವರಿಗೆ ಅದು ಇಲ್ಲವಾಯಿತು. ಶಾಪವೆಂದು ಕಥೆ ಹೇಳಿದ್ದನ್ನು ಜೋಗಪ್ಪಂದಿರು ತಾಯಿಯ ಪಕ್ಷದಲ್ಲಿ ನಿಂತದ್ದಕ್ಕೆ ಸಿಕ್ಕ ಗುರುತೆಂದು ಹಾಡಲು ಸಾಧ್ಯವಾದದ್ದು ಹೀಗೆ.

ದೀಕ್ಷೆಯ ದಿನ ಹುಡುಗನ ಉಡಿದಾರ ಕತ್ತರಿಸುತ್ತಾರೆ, ಸೀರೆ ಅಥವಾ ಲಂಗ ಕುಪ್ಪಸ ತೊಡಿಸುತ್ತಾರೆ, ಬಳೆ ಇಡಿಸುತ್ತಾರೆ, ಮುತ್ತು ಕಟ್ಟುತ್ತಾರೆ. ಮಂಜಮ್ಮ ಅವರಿಗೆ ಈ ವಿಧಿ ನಡೆದದ್ದು 1975ರಲ್ಲಿ, ಹುಲಿಗಿಯಲ್ಲಿ. ಬಳ್ಳಾರಿ ಜಿಲ್ಲೆಯ ಕಲ್ಲುಕಂಬದಲ್ಲಿ ಹುಟ್ಟಿದ ಅವರ ಬದುಕು, ವಿಧಿಯಿಂದ ಎಲ್ಲವೂ ಸರಿಹೋಗುವುದಿಲ್ಲ ಎಂಬುದಕ್ಕೆ ಸಾಕ್ಷಿ. ಮನೆಯಲ್ಲಿ ಉಳಿಯಲಾಗದೆ ವಿಷ ಕುಡಿದದ್ದು, ಬದುಕುಳಿದು ಭಿಕ್ಷೆ ಬೇಡಿದ್ದು, ದಾರಿಯಲ್ಲಿ ದರೋಡೆಗೂ ಅತ್ಯಾಚಾರಕ್ಕೂ ತುತ್ತಾದದ್ದು, ದಾವಣಗೆರೆಯ ಬಸ್‌ನಿಲ್ದಾಣದಲ್ಲಿ ಹಾಡಿಗೆ ತಕ್ಕಂತೆ ಕೊಡ ಹೊತ್ತು ಕುಣಿಯುವವರನ್ನು ಕಂಡು ಆ ಕಲೆಗೆ ಒಲಿದದ್ದು, ಮುಂದೆ ಕಾಳವ್ವ ಜೋಗತಿಯ ಮೇಳ ಸೇರಿದ್ದು, ಇವೆಲ್ಲವನ್ನೂ ಅವರು ಬಹಿರಂಗವಾಗಿ ಹೇಳಿದ್ದಾರೆ. ಅರುಣ್ ಜೋಳದಕೂಡ್ಲಿಗಿ ಅವರ ನಿರೂಪಣೆಯ 'ನಡುವೆ ಸುಳಿವ ಹೆಣ್ಣು' ಆತ್ಮಕಥನ ಕನ್ನಡಕ್ಕೆ ದಕ್ಕಿದ್ದು ಈ ಬದುಕಿನಿಂದ. ಶೀರ್ಷಿಕೆಯು ದಾಸಿಮಯ್ಯನ ಪ್ರಸಿದ್ಧ ವಚನವನ್ನು ನೆನಪಿಗೆ ತರುತ್ತದೆ, ಮತ್ತು ತಿದ್ದುತ್ತದೆ. ಒಳಗಿನ ಆತ್ಮಕ್ಕೆ ಗಂಡು ಹೆಣ್ಣೆಂಬುದಿಲ್ಲ ಎಂಬುದು ವಚನಕಾರನ ನಿಲುವು. ಮಂಜಮ್ಮ ಅವರ ಪುಸ್ತಕವು ಸುಳಿಯುವುದು ಹೆಣ್ಣೇ ಎನ್ನುತ್ತದೆ. ಆತ್ಮಕ್ಕೆ ಲಿಂಗವಿಲ್ಲ ಎಂಬ ತತ್ತ್ವದಿಂದ ಬಸ್ಸಿನಲ್ಲಿ ಸೀಟು ಸಿಗುವುದಿಲ್ಲವಷ್ಟೆ.

ಆತ್ಮಕಥನವು ಉತ್ತಮ ಪುರುಷದಲ್ಲಿ ನಡೆಯುವುದರಿಂದ ಕನ್ನಡದಲ್ಲಿ ಇದಕ್ಕೊಂದು ವಿಶೇಷ ಅನುಕೂಲ ಒದಗಿದೆ. 'ನಾನು' ಎಂದು ಹೇಳುವವರೆಗೆ ಭಾಷೆ ತಕರಾರು ತೆಗೆಯುವುದಿಲ್ಲ. ದು. ಸರಸ್ವತಿ ಅವರು ಕನ್ನಡಕ್ಕೆ ತಂದ ಎ. ರೇವತಿ ಅವರ ಆತ್ಮಕಥೆ 'ಬದುಕು ಬಯಲು' ಕೂಡ ಈ ಮಾತಿಗೆ ನಿದರ್ಶನ. ಲಿವಿಂಗ್ ಸ್ಮೈಲ್ ವಿದ್ಯಾ ಅವರ ಆತ್ಮಕಥೆಯ ಕನ್ನಡ ಅನುವಾದಕ್ಕೂ, ಅದನ್ನು ಆಧರಿಸಿ ಬಿ.ಎಸ್. ಲಿಂಗದೇವರು ನಿರ್ದೇಶಿಸಿ 2015ರಲ್ಲಿ ತೆರೆಕಂಡ ಚಿತ್ರಕ್ಕೂ 'ನಾನು ಅವನಲ್ಲ, ಅವಳು' ಎಂಬ ಹೆಸರು ಬಂದದ್ದು ಆಕಸ್ಮಿಕವಲ್ಲ. ಉತ್ತಮ ಪುರುಷವು ಪ್ರಥಮ ಪುರುಷದ ಜೊತೆ ನಡೆಸುವ ವ್ಯಾಜ್ಯವೇ ಆ ಶೀರ್ಷಿಕೆ.

5

ಆದರೆ ದೇವಿಯ ಕಾಟವೆಂಬ ವಿವರಣೆ ಯಾರಿಗೆ ಒದಗುತ್ತದೆ, ಯಾರಿಗೆ ಒದಗುವುದಿಲ್ಲ ಎಂಬ ಪ್ರಶ್ನೆಯನ್ನು ಜಾನಪದ ಅಧ್ಯಯನಗಳು ಸಾಕಷ್ಟು ಎತ್ತಿಲ್ಲ. ಪರಂಪರೆಯ ಔದಾರ್ಯವನ್ನು ಕೊಂಡಾಡುವ ಬರಹಗಳು ಇಲ್ಲಿಯೇ ಎಡವುತ್ತವೆ. ಊರು ಗುರುತಿಸುವುದು ಉಡುಗೆಯನ್ನು, ನಡೆಯನ್ನು, ದನಿಯನ್ನು, ವ್ರತವನ್ನು. ಬಯಕೆಯನ್ನು ಅದು ಗುರುತಿಸುವುದಿಲ್ಲ. ಮುತ್ತು ಕಟ್ಟಿಸಿಕೊಂಡ ಜೋಗಪ್ಪ ದೇವಿಗೆ ಸೇರಿದವರು, ಮಡಿಯಲ್ಲಿ ಇರಬೇಕಾದವರು. ಅವರಿಗೊಬ್ಬ ಗೆಳೆಯ ಇರಬಹುದು, ಊರಿಗೆ ಅದು ತಿಳಿದೂ ಇರಬಹುದು. ತಿಳಿದದ್ದನ್ನು ಯಾರೂ ಬಾಯಿಬಿಟ್ಟು ಹೇಳದಿರುವವರೆಗೆ ಮಾತ್ರ ಅದಕ್ಕೆ ಅವಕಾಶ. ಆ ಗೆಳೆಯನಿಗಂತೂ ಹೆಸರೇ ಇಲ್ಲ. ಅವನು ಊರಿನ ಎಲ್ಲರಂತೆ ಮೀಸೆ ಹೊತ್ತ ಗಂಡಸು, ಮದುವೆಯಾದವನು, ಮಕ್ಕಳ ತಂದೆ. ಹೆಣ್ಣಿನ ನಡೆಯಿಲ್ಲದ, ಗಂಡಾಗಿಯೇ ಗಂಡನ್ನು ಪ್ರೀತಿಸುವವನನ್ನು ಯಾವ ಎಲ್ಲಮ್ಮನೂ ಹಿಡಿಯುವುದಿಲ್ಲ. ಅವನ ಪಾಲಿಗೆ ಹಳ್ಳಿಯಲ್ಲಿ ಪದವಿಲ್ಲ, ಪದವಿಯೂ ಇಲ್ಲ. 2013ರಲ್ಲಿ ವಸುಧೇಂದ್ರರ 'ಮೋಹನಸ್ವಾಮಿ' ಪ್ರಕಟವಾದಾಗ ಕನ್ನಡ ವಿಮರ್ಶೆಗೆ ಆದ ಬೆರಗಿಗೆ ಇದೂ ಒಂದು ಕಾರಣವೆನ್ನಬಹುದು. ಬಳ್ಳಾರಿ ಸೀಮೆಯವರೇ ಆದ ಲೇಖಕರು ಬರೆದ ಈ ಕತೆಗಳ ನಾಯಕನಿಗೆ ಜೋಗತಿಯ ದಾರಿ ದಾರಿಯಲ್ಲ. ಅವನ ಬದುಕು ಅರಳುವುದೂ ನೋಯುವುದೂ ನಗರದಲ್ಲಿ.

ಹೆಣ್ಣನ್ನು ಪ್ರೀತಿಸುವ ಹೆಣ್ಣಿನ ಸ್ಥಿತಿ ಇದಕ್ಕಿಂತ ಬಿಗಿಯಾದುದು. 'ಗಂಡುಬೀರಿ' ಎಂಬ ಬೈಗುಳ ಅವಳ ನಡೆಗೆ ಅಂಟಬಹುದು, ಅವಳ ಪ್ರೀತಿಗೆ ಅದೂ ಇಲ್ಲ. ಹುಡುಗನೊಬ್ಬ ಜಾತ್ರೆಗೆ ಒಬ್ಬನೇ ಹೋಗಬಲ್ಲ, ಬಸ್ಸು ಹತ್ತಬಲ್ಲ. ಹಳ್ಳಿಯ ಹುಡುಗಿಗೆ ಆ ಅವಕಾಶ ಕಡಿಮೆ. ಮದುವೆಯ ವಯಸ್ಸು ಬೇಗ ಬರುತ್ತದೆ. ಎಲ್ಲಮ್ಮನ ಪರಂಪರೆ ಹೆಣ್ಣಿಗೂ ಮುತ್ತು ಕಟ್ಟಿದೆ. ಹಾಗೆ ಕಟ್ಟಿಸಿಕೊಂಡ ಮಗಳು ತವರಿನಲ್ಲೇ ಉಳಿದು ಮಗನ ಹೊಣೆ ಹೊರುವ ಬಗೆಯನ್ನು ಲೂಸಿಂಡಾ ರಾಂಬರ್ಗ್ 2014ರ ತಮ್ಮ ಗ್ರಂಥದಲ್ಲಿ ವಿಶ್ಲೇಷಿಸಿದ್ದಾರೆ. ಮಗ ಮಗಳಾಗುವುದು, ಮಗಳು ಮಗನಾಗುವುದು ಎಂಬ ಈ ಎರಡು ಚಲನೆಗಳನ್ನು ಎದುರುಬದುರು ಇಟ್ಟು ನೋಡಲು ಮನಸ್ಸಾಗುವುದು ಸಹಜ. ಆದರೆ ಮುತ್ತು ಕಟ್ಟಿದ ಹೆಣ್ಣು ಊರಿನ ಬಲಾಢ್ಯ ಗಂಡಸರ ವಶವಾದ ಚರಿತ್ರೆಯನ್ನು ಬದಿಗಿಟ್ಟು ಈ ಹೋಲಿಕೆಯನ್ನು ಮಾಡಲಾಗದು. 1982ರ ದೇವದಾಸಿ ಸಮರ್ಪಣೆ ನಿಷೇಧ ಕಾಯ್ದೆ ಬಂದದ್ದು ಆ ಚರಿತ್ರೆಯಿಂದಲೇ. ಕಾಯ್ದೆಯ ಗಮನವಿದ್ದದ್ದು ಹೆಣ್ಣುಮಕ್ಕಳ ಸಮರ್ಪಣೆಯ ಕಡೆಗೆ. ಜೋಗಪ್ಪಂದಿರು ಅದರ ಕಣ್ಣಿಗೆ ಬಿದ್ದಂತಿಲ್ಲ.

ನಗರದ ಹಿಜ್ರಾ ಸಮುದಾಯದ ಜೊತೆಗಿನ ಸಂಬಂಧವೂ ಸರಳವಲ್ಲ. ಹಮಾಮಿನ ಗುರು-ಚೇಲಾ ವ್ಯವಸ್ಥೆ, ನಿರ್ವಾಣವೆಂಬ ಶಸ್ತ್ರವಿಧಿ, ಅಂಗಡಿ ಕೇಳುವುದು ಇವೆಲ್ಲ ಅಲ್ಲಿಯ ರೀತಿಗಳು. ಹಳ್ಳಿಯ ಜೋಗಪ್ಪಂದಿರಲ್ಲಿ ಹೆಚ್ಚಿನವರು ದೇಹವನ್ನು ಕೊಯ್ಯಿಸಿಕೊಳ್ಳುವುದಿಲ್ಲ. ದೇವಿ ಕೊಟ್ಟ ದೇಹ ಮಡಿಯಾಗಿರಬೇಕು ಎನ್ನುತ್ತಾರೆ. 'ನಾವು ಅವರಂಥವರಲ್ಲ' ಎಂಬ ಮಾತು ಎರಡೂ ಕಡೆಯಿಂದ ಕೇಳಿಬರುತ್ತದೆ. ಆದರೂ ಹಸಿವೆಯ ವರ್ಷಗಳಲ್ಲಿ ಹಳ್ಳಿಯಿಂದ ಬೆಂಗಳೂರು, ಪುಣೆ, ಮುಂಬಯಿಗಳಿಗೆ ಹೋಗುವ ದಾರಿ ಆ ಮನೆಗಳ ಬಾಗಿಲಿಗೇ ತಲುಪುವುದುಂಟು.

6

ಸುಪ್ರೀಂ ಕೋರ್ಟು 2014ರ ಏಪ್ರಿಲ್ 15ರಂದು ಲಿಂಗತ್ವವನ್ನು ಸ್ವತಃ ನಿರ್ಧರಿಸಿಕೊಳ್ಳುವ ಹಕ್ಕನ್ನು ಮಾನ್ಯ ಮಾಡಿತು. 2018ರ ಸೆಪ್ಟೆಂಬರ್ 6ರಂದು ವಯಸ್ಕರ ಸಮ್ಮತಿಯ ಸಲಿಂಗ ಸಂಬಂಧವು ಅಪರಾಧವಲ್ಲವೆಂದಿತು. 2021ರಲ್ಲಿ ಕರ್ನಾಟಕ ಸರ್ಕಾರ ತನ್ನ ನೇಮಕಾತಿಗಳಲ್ಲಿ ಲಿಂಗತ್ವ ಅಲ್ಪಸಂಖ್ಯಾತರಿಗೆ ಶೇ. 1ರಷ್ಟು ಮೀಸಲಾತಿ ತಂದಿತು. ಮಂಜಮ್ಮ ಅವರು 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು, 2021ರಲ್ಲಿ ಪದ್ಮಶ್ರೀ ಪಡೆದರು. ಅಂದು ರಾಷ್ಟ್ರಪತಿ ಭವನದಲ್ಲಿ ಪ್ರಶಸ್ತಿ ಪಡೆಯುವ ಮುನ್ನ ಅವರು ಸೆರಗು ಹಿಡಿದು ರಾಷ್ಟ್ರಪತಿಯವರಿಗೆ ದೃಷ್ಟಿ ನಿವಾಳಿಸಿದ್ದನ್ನು ದೇಶ ನೋಡಿತು. ಹಲವರಿಗೆ ಅದು ಸೋಜಿಗವಾಗಿತ್ತು. ಬಳ್ಳಾರಿ, ಕೊಪ್ಪಳದ ಹೆಣ್ಣುಮಕ್ಕಳಿಗೆ ಅದರಲ್ಲಿ ಹೊಸತೇನೂ ಇರಲಿಲ್ಲ. ಪ್ರತಿ ಮಂಗಳವಾರ ತಮ್ಮ ಹೊಸ್ತಿಲಲ್ಲಿ ನಡೆಯುವುದು ಅಂದು ದೆಹಲಿಯ ಹೊಸ್ತಿಲಲ್ಲಿ ನಡೆದಿತ್ತು. ವಾರದ ಎರಡು ದಿನದ ಮನ್ನಣೆಯನ್ನು ಒಬ್ಬ ಕಲಾವಿದೆ ಅಷ್ಟು ದೂರ ಕೊಂಡೊಯ್ದರು.

ಉಳಿದವರ ಬುಧವಾರಕ್ಕೆ ಇವೆಲ್ಲ ತಲುಪುವ ವೇಗ ಬೇರೆ. 2019ರ ಕಾಯ್ದೆಯ ಪ್ರಕಾರ ಗುರುತಿನ ಪ್ರಮಾಣಪತ್ರ ಕೊಡುವ ಅಧಿಕಾರ ಜಿಲ್ಲಾಧಿಕಾರಿಯವರದಾಯಿತು. 2020ರಲ್ಲಿ ಅರ್ಜಿಗಾಗಿ ಅಂತರಜಾಲ ತಾಣವೂ ಬಂತು. ಒಂದು ದಿನದ ಕೂಲಿ ಬಿಟ್ಟು, ಎರಡು ಬಸ್ಸು ಬದಲಿಸಿ, ಓದಲು ಬಾರದ ಅರ್ಜಿಯನ್ನು ಇನ್ನೊಬ್ಬರಿಂದ ತುಂಬಿಸಬೇಕಾದವರಿಗೆ ಅದು ದೂರದ ಕಚೇರಿ. ಅರ್ಜಿ ತುಂಬುವವನು ಕೇಳುವ ಮೊದಲ ಪ್ರಶ್ನೆ ಶಾಲೆಯ ದಾಖಲಾತಿಯಲ್ಲಿರುವ ಹೆಸರಿನದು. 2023ರ ಜೂನ್ 11ರಂದು ಜಾರಿಗೆ ಬಂದ ಶಕ್ತಿ ಯೋಜನೆಯು ರಾಜ್ಯದ ಮಹಿಳೆಯರ ಜೊತೆಗೆ ಲಿಂಗತ್ವ ಅಲ್ಪಸಂಖ್ಯಾತರಿಗೂ ಸರ್ಕಾರಿ ಬಸ್ಸಿನಲ್ಲಿ ಉಚಿತ ಪ್ರಯಾಣವನ್ನು ಕೊಟ್ಟಿತು. ನಿಜಕ್ಕೂ ಇದು ಹಳ್ಳಿಯವರೆಗೆ ಬಂದ ಸೌಲಭ್ಯ. ಆದರೆ ಶೂನ್ಯ ಟಿಕೆಟ್ ಹರಿಯುವ ಮುನ್ನ ನಿರ್ವಾಹಕರು ಗುರುತಿನ ಚೀಟಿ ನೋಡಬೇಕು. ಚೀಟಿಯಲ್ಲಿ 'ಪುರುಷ' ಎಂದಿದ್ದು ಎದುರಿಗೆ ಸೀರೆಯುಟ್ಟವರು ನಿಂತಿದ್ದರೆ, ಇಡೀ ಬಸ್ಸು ಕಿವಿಗೊಟ್ಟಿರುವಾಗ, ಸರ್ವನಾಮದ ಪ್ರಶ್ನೆ ಮತ್ತೆ ತೆರೆದುಕೊಳ್ಳುತ್ತದೆ. ದುಡ್ಡು ಕೊಟ್ಟು ಟಿಕೆಟ್ ಪಡೆದು ಸುಮ್ಮನೆ ಕೂರುವುದೇ ಲೇಸೆಂದು ತೋರುವ ಗಳಿಗೆ ಅದು.

ಈ ಚಿತ್ರದಲ್ಲಿ ಕನ್ನಡ ಸಂಶೋಧಕರೂ ಇದ್ದಾರೆ. ಚೌಡಿಕೆ ಪದಗಳನ್ನು ಸಂಗ್ರಹಿಸಲು ದಶಕಗಳಿಂದ ಹಳ್ಳಿಗಳಿಗೆ ಹೋಗುತ್ತಿರುವವರು ಅವರು. ಚೌಡಿಕೆಯ ರಚನೆ, ಶ್ರುತಿ ಹಿಡಿಯುವ ಕ್ರಮ, ಹಾಡಿನ ಪಲ್ಲವಿ, ಪಾಠಾಂತರಗಳ ಬಗ್ಗೆ ನಮ್ಮಲ್ಲಿ ಒಳ್ಳೆಯ ಕೆಲಸವಾಗಿದೆ. ಹಾಡಿದವರ ಕೂಲಿ, ಕಾಯಿಲೆ, ಗೆಳೆತನಗಳ ಬಗ್ಗೆ ಬಹಳ ಕಡಿಮೆ. ಧ್ವನಿಮುದ್ರಣಕ್ಕೆ ಹೋಗುವುದೂ ಬಹುಮಟ್ಟಿಗೆ ವಾರದ ದಿನ ಅಥವಾ ಹುಣ್ಣಿಮೆಯ ದಿನ, ಅಂದರೆ ಜೋಗಪ್ಪ ಅವ್ವನಾಗಿರುವ ದಿನ. ಪರಂಪರೆ ಎಲ್ಲರನ್ನೂ ಒಳಗೊಂಡಿದೆ ಎಂಬ ಗ್ರಹಿಕೆಯ ಒಂದು ಬೇರು ಈ ವೇಳಾಪಟ್ಟಿಯಲ್ಲಿಯೂ ಇದ್ದೀತು. ಕ್ಷೇತ್ರಕಾರ್ಯದ ನಮೂನೆಗಳಲ್ಲಿ ವಕ್ತೃವಿನ ಹೆಸರು, ವಯಸ್ಸು, ಊರು, ಜಾತಿಗಳ ಜೊತೆಗೆ ಲಿಂಗಕ್ಕೂ ಒಂದು ಅಂಕಣವಿರುತ್ತದೆ. ಆ ಅಂಕಣವನ್ನು ಸಾಮಾನ್ಯವಾಗಿ ತುಂಬುವುದು ವಿದ್ಯಾರ್ಥಿ, ಊರಿಗೆ ಮರಳುವ ಬಸ್ಸಿನಲ್ಲಿ ಕುಳಿತು, ವಕ್ತೃವನ್ನು ಕೇಳದೆ.